ಯಾರೂ ಹುಡುಕದ ಪದ

೨೦೨೩ರ ಮಾರ್ಚ್ ಆರು, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಐದು ನಿಮಿಷ. ಮಾವನ ಎಡಗಣ್ಣಿಗೆ ಎರಡನೇ ಹನಿ ಮದ್ದು ಬಿಡುತ್ತಿದ್ದಾಗ ಹಿರಿಸೊಸೆಗೆ ಪಂದ್ಯದ ವಿಷಯ ತಿಳಿಯಿತು. ಮದ್ದು ಇಳಿಯುವವರೆಗೆ ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸಿ, ಕಣ್ಣು ಮುಚ್ಚಿಕೊಂಡೇ ಮಾತಾಡುವುದು ಮುದುಕನ ರೂಢಿ. ಮನೆಯವರ ಎದೆ ಒಡೆಯುವಂಥ ಮಾತುಗಳನ್ನೆಲ್ಲ ಅವನು ಆಡಿದ್ದು ಈ ಎರಡು ನಿಮಿಷಗಳಲ್ಲೇ. ಕೇಳಿದವರ ಮುಖ ನೋಡುವ ತಾಪತ್ರಯ ಇರುತ್ತಿರಲಿಲ್ಲ.

ಅಂದು ಹೇಳಿದ್ದು ಇಷ್ಟು. ಜೂನ್ ಐದನೇ ತಾರೀಕು, ಇದೇ ಹೊತ್ತಿಗೆ, ಇದೇ ಕುರ್ಚಿಯಲ್ಲಿ ಕೂತು, ತನ್ನ ಫೋನಿನಲ್ಲಿ ತಾನೇ ಹುಡುಕುತ್ತಾನೆ. ಇಬ್ಬರು ಗಂಡುಮಕ್ಕಳಲ್ಲಿ ಯಾರ ವೆಬ್‌ಸೈಟು ಮೇಲೆ ಬರುತ್ತದೋ ಅಂಗಡಿ ಅವನದು. ಹೆಸರು, ಬೋರ್ಡು, ಉಪಕರಣಗಳ ಪೆಟ್ಟಿಗೆ ಎಲ್ಲವೂ. ಕೆಳಗೆ ಬಂದವನು ಮೇಲಿದ್ದವನ ಕೈಕೆಳಗೆ ದುಡಿಯಬೇಕು.

"ಇಬ್ಬರದೂ ನೀನೇ ಮಾಡ್ಬೇಕಮ್ಮ. ಈ ಮನೇಲಿ ಓದಿದೋಳು ನೀನೊಬ್ಳೇ. ತಕ್ಕಡಿ ನಿನ್ನ ಕೈಲಿ ಕೊಟ್ಟಿದೀನಿ, ಯಾವ ತಟ್ಟೆ ಕೆಳಗೆ ಬೆರಳಿಡ್ತೀಯೋ ನೋಡೋಣ," ಎಂದು ಮುದುಕ ರೆಪ್ಪೆ ತೆರೆಯದೆ ನಕ್ಕ.

ಅದು ಬೀಗದ ಅಂಗಡಿ. ಮೂರು ವರ್ಷದ ಹಿಂದೆ ಮುದುಕನ ಕಣ್ಣು ಮಂಜಾದಾಗ ಅವನೇ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಅದನ್ನು ಎರಡು ಮಾಡಿದ್ದ. ಎಡಕ್ಕೆ ಹಿರಿಯ, ಬಲಕ್ಕೆ ಕಿರಿಯ. ಹಲಗೆ ಎಷ್ಟು ತೆಳುವೆಂದರೆ ಒಬ್ಬ ಅರ ಉಜ್ಜಿದರೆ ಇನ್ನೊಬ್ಬನ ಗೋಡೆಗೆ ನೇತುಹಾಕಿದ ಕೀಲಿಗಳು ಅಲುಗಾಡುತ್ತಿದ್ದವು. ಎರಡೂ ಭಾಗಕ್ಕೆ ಸೇರಿದಂತೆ ಮೇಲೆ ಒಂದೇ ಬೋರ್ಡು, ನಲವತ್ತು ವರ್ಷದ ಹಿಂದೆ ಮುದುಕನೇ ಯೋಚಿಸಿ ಬರೆಸಿದ್ದು: 'ಬೀಗವೈದ್ಯರು'. ಊರಿನ ಬೇರೆ ಬೀಗದವರೆಲ್ಲ ರಿಪೇರಿಯವರು, ತಾನೊಬ್ಬನೇ ವೈದ್ಯ ಎನ್ನುವುದು ಅವನ ಹಮ್ಮು. ಆ ಪದವನ್ನು ಬೇರೆ ಯಾರ ಬಾಯಲ್ಲೂ ಯಾರೂ ಕೇಳಿರಲಿಲ್ಲ. ಅಂಗಡಿಯ ಹಿಂದೆ ಉಗ್ರಾಣ. ಅದರ ಬಾಗಿಲಿಗೆ ಮುದುಕ ಪ್ರಾಯದಲ್ಲಿ ಕೈಯಾರೆ ಮಾಡಿದ ಹಿತ್ತಾಳೆ ಬೀಗ. ಒಳಗೆ ಸಿಕ್ಕಿಕೊಂಡವನು ತೂತಿನಲ್ಲಿ ಪಿನ್ನು ತೂರಿಸಿ ಐದು ಲಿವರುಗಳನ್ನು ಒಂದೊಂದಾಗಿ ಎತ್ತಿದರೆ ಮಾತ್ರ ತೆರೆಯುವಂಥದು.

ಹಿರಿಯನಿಗೆ ವಿದ್ಯೆ ಬಂದದ್ದು ಆ ಉಗ್ರಾಣದಲ್ಲೇ. ಒಂಬತ್ತು ವರ್ಷದವನಿದ್ದಾಗ ಅಪ್ಪ ಅವನ ಕೈಗೆ ಒಂದು ತಲೆಪಿನ್ನು ಕೊಟ್ಟು, ಒಳಗೆ ದೂಡಿ, ಬಾಗಿಲು ಹಾಕಿದ. ತೆರೆದುಕೊಂಡು ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಮೊದಲ ಸಲ ಹುಡುಗ ಹೊರಬಂದದ್ದು ಹನ್ನೊಂದು ತಾಸು ಕಳೆದ ಮೇಲೆ, ಚಡ್ಡಿ ಒದ್ದೆ ಮಾಡಿಕೊಂಡು. ಈಗ ಯಾವ ಬೀಗವಾದರೂ ಸರಿ, ಒಂದು ಗೆರೆ ಬೀಳದಂತೆ ಮೂರು ನಿಮಿಷದಲ್ಲಿ ತೆಗೆಯುತ್ತಾನೆ. ಕಿರಿಯನನ್ನೂ ಅಪ್ಪ ಹಾಗೇ ದೂಡಿದ್ದುಂಟು. ಅಷ್ಟು ಹೊತ್ತಿಗೆ ಅಮ್ಮನ ಎದೆ ಗಟ್ಟಿಯಾಗಿತ್ತು. ಆಕೆ ತನ್ನ ಗೊಂಚಲಿನ ಕೀಲಿಯನ್ನು ಬಾಗಿಲ ಅಡಿಯಿಂದ ಒಳಕ್ಕೆ ಜಾರಿಸಿಬಿಡುತ್ತಿದ್ದಳು. ಹಾಗಾಗಿ ಕಿರಿಯನಿಗೆ ವಿದ್ಯೆ ಬರಲಿಲ್ಲ, ನಗು ಉಳಿಯಿತು. ಅವನು ಗಿರಾಕಿಗಳ ಬಾಗಿಲಿಗೆ ಡ್ರಿಲ್ ಹಾಕಿ ಬೀಗ ಒಡೆಯುತ್ತಾನೆ, ಒಡೆಯುತ್ತಾ ತಮಾಷೆ ಮಾಡುತ್ತಾನೆ, ಹೊಸ ಬೀಗ ಜೋಡಿಸಿಕೊಟ್ಟು ಬರುತ್ತಾನೆ. ಅಮ್ಮ ತೀರಿಹೋದ ಮೇಲೆ ಆ ಗೊಂಚಲು ಹಿರಿಸೊಸೆಯ ಸೊಂಟಕ್ಕೆ ಬಂತು. ಉಗ್ರಾಣದ ಒಂದೇ ಒಂದು ಕೀಲಿ ಇರುವುದು ಅದರಲ್ಲೇ.

ಹಿರಿಸೊಸೆ ಮದುವೆಗೆ ಮುಂಚೆ ನಾಲ್ಕು ವರ್ಷ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಒಂದು ಸಲ ಅಳೆದದ್ದು ಅಳತೆಯಲ್ಲ ಎಂದು ಅಲ್ಲಿ ಕಲಿತಿದ್ದಳು. ಮೊದಲ ಎರಡು ವಾರ ಅವಳು ಒಂದಕ್ಷರ ಬರೆಯಲಿಲ್ಲ, ಬರೀ ಕೇಳಿದಳು. ಎರಡೂ ಕಡೆ ಬಂದ ಅರವತ್ತಮೂರು ಕರೆಗಳಲ್ಲಿ ಜನ ಬಾಯಿ ಬಿಟ್ಟು ಹೇಳಿದ ಮೊದಲ ಮಾತನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು. 'ಕೀ ಒಳಗೇ ಉಳೀತು' ಎಂದವರು ಇಪ್ಪತ್ತೊಂಬತ್ತು. 'ಬಾಗಿಲು ಲಾಕ್ ಆಗ್ಬಿಡ್ತು', ಹದಿನೇಳು. ನಕಲು ಕೀ ಬೇಕೆಂದವರು ಹನ್ನೊಂದು. 'ಬೀಗ ತೆಗೆಯೋರು ಬೇಕಿತ್ತು' ಎಂದವರು ಆರು. ಬೀಗವೈದ್ಯ ಎಂದವರು ಸೊನ್ನೆ. ಬಾಗಿಲ ಹೊರಗೆ ಹಾಲು, ತರಕಾರಿ ಹಿಡಿದು ನಿಂತವರು ಬೀಗದವನ ಬಿರುದನ್ನು ನೆನಸಿಕೊಳ್ಳುವುದಿಲ್ಲ. ತಮಗೆ ಆದದ್ದನ್ನೇ ಫೋನಿಗೆ ಹೇಳುತ್ತಾರೆ, ಮೊದಲು ಕಂಡ ಮೂರು ನಾಲ್ಕು ನಂಬರಿನಲ್ಲಿ ಒಂದಕ್ಕೆ ಕರೆ ಮಾಡುತ್ತಾರೆ. ಐದನೆಯವನು ಬದುಕಿದ್ದಾನೋ ಸತ್ತಿದ್ದಾನೋ ಅವರಿಗೆ ಬೇಕಿಲ್ಲ.

ಈ ಮಾತುಗಳನ್ನೇ ಇಟ್ಟು ಅವಳು ಇಬ್ಬರಿಗೂ ಪುಟಗಳನ್ನು ಮಾಡಿದಳು. ಇಬ್ಬರಿಗೂ ಸಮನಾಗಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದೆ. ಪ್ರತಿ ಸೋಮವಾರ ಹಳೆಯ ಫೋನೊಂದನ್ನು ತೆಗೆದುಕೊಂಡು, ಅದರ ನೆನಪನ್ನೆಲ್ಲ ಅಳಿಸಿ, ಬಸ್ಸಿನಲ್ಲಿ ಊರು ಸುತ್ತಿದಳು. ಸ್ವಂತ ಫೋನು ಸ್ವಂತದವರನ್ನೇ ಮೇಲೆ ತೋರಿಸುತ್ತದೆ, ಅದನ್ನು ನಂಬಬಾರದು ಎಂದು ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಗೇಟು, ಶಾಲೆಯ ಕಾಂಪೌಂಡು, ಬಸ್ ಡಿಪೋ, ಹೊಸ ಬಡಾವಣೆಯ ನೀರಿನ ಟ್ಯಾಂಕು, ಹೀಗೆ ನಲವತ್ತು ಜಾಗ. ಪ್ರತಿ ಜಾಗದಲ್ಲೂ ನಿಂತು, ಜನರ ಆ ಮಾತುಗಳನ್ನೇ ಹುಡುಕಿ, ಇಬ್ಬರೂ ಎಷ್ಟನೆಯವರಾಗಿ ಬಂದರೆಂದು ಬರೆದು, ಕೊನೆಗೆ ಸರಾಸರಿ ತೆಗೆಯುತ್ತಿದ್ದಳು.

ಏಪ್ರಿಲ್ ಮಧ್ಯದ ಹೊತ್ತಿಗೆ ಕಿರಿಯನ ಸ್ಥಾನ ನಾಲ್ಕು. ಅವಳ ಗಂಡನದು ಮೂವತ್ತೊಂದು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಗಂಡ ಬೀಗದೊಳಗೆ ಕೈಯಿಟ್ಟನೆಂದರೆ ಫೋನು ಹೊಡೆದುಕೊಂಡು ಸುಮ್ಮನಾಗುತ್ತಿತ್ತು. ಗಿರಾಕಿ ಒಂದು ಫೋಟೋ ತೆಗೆಯಲು ಬಂದರೆ ಬೆನ್ನು ತಿರುಗಿಸುತ್ತಿದ್ದ. ಅವನ ಬಗ್ಗೆ ಜನ ಬರೆದ ರಿವ್ಯೂ ಎರಡೇ, ಅದರಲ್ಲೊಂದು: ಕೆಲಸ ಚಿನ್ನ, ಮುಖ ಗಂಟು. ಕಿರಿಯ ಮುದುಕಿಯರನ್ನು ಅಕ್ಕ ಎನ್ನುತ್ತಿದ್ದ, ಹುಡುಗಿಯರನ್ನು ಅಮ್ಮ ಎನ್ನುತ್ತಿದ್ದ, ಒಡೆದ ಬೀಗವನ್ನು ಅವರ ಕೈಗೇ ಕೊಟ್ಟು ನೆನಪಿಗೆ ಇಟ್ಟುಕೊಳ್ಳಿ ಎನ್ನುತ್ತಿದ್ದ. ಅವನಿಗೆ ನೂರ ಹದಿನೆಂಟು ರಿವ್ಯೂ ಬಂದಿದ್ದವು.

ಮುದುಕನಿಗೆ ಈ ಅಂಕಿಗಳಲ್ಲಿ ಹಬ್ಬದೂಟದ ರುಚಿ ಸಿಕ್ಕಿತು. ಪ್ರತಿ ಸೋಮವಾರ ಎಲ್ಲರೂ ಊಟಕ್ಕೆ ಕೂತಾಗ ಹಿರಿಮಗನೇ ನೋಟ್‌ಬುಕ್ ತೆರೆದು ಗಟ್ಟಿಯಾಗಿ ಓದಬೇಕೆಂದು ಕಟ್ಟು ಮಾಡಿದ. ಮೊದಲು ತಮ್ಮನದು, ಆಮೇಲೆ ತನ್ನದು. ನಲವತ್ತೆರಡು ವರ್ಷದ ಗಂಡಸು ಅನ್ನದ ತಟ್ಟೆ ಪಕ್ಕಕ್ಕಿಟ್ಟು, "ನಾಲ್ಕು. ಮೂವತ್ತೊಂದು," ಎಂದು ಓದುತ್ತಿದ್ದ. ಕೇಳಿಸಲಿಲ್ಲ ಎಂದು ಮುದುಕ ಇನ್ನೊಮ್ಮೆ ಓದಿಸುತ್ತಿದ್ದ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವವರನ್ನು ಅವಳು ಕಂಡಿದ್ದಳು. ಈತ ಚಿವುಟುವವನು ಮಾತ್ರ, ತೂಗುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿದ್ದ. ಕಿರಿಯನೇ ಒಮ್ಮೆ ನಡುವೆ ಬಾಯಿ ಹಾಕಿ, ಸಾಕು ಬಿಡಪ್ಪ, ಅಣ್ಣನ ಕೈ ಮುಂದೆ ನನ್ನ ನಾಲ್ಕು ಯಾವ ಲೆಕ್ಕ ಎಂದಿದ್ದ. ಆ ಕರುಣೆ ಗಂಡನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತೆಂದು ಅವಳೊಬ್ಬಳಿಗೆ ಗೊತ್ತಾಯಿತು. ಆ ಶನಿವಾರ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಗೋಡೆಗೆ ಹೇಳುವಂತೆ ಹೇಳಿದ:

"ಅವನ ಕೈಕೆಳಗೆ ನಾನು ಕೂರಲ್ಲ ಕಣೇ. ಅದಕ್ಕಿಂತ ಉಗ್ರಾಣಕ್ಕೆ ಹೋಗಿ ಒಳಗಿಂದ ಬೀಗ ಹಾಕ್ಕೋತೀನಿ."

ಮಾರನೆಯ ದಿನ ಹತ್ತು ಗಂಟೆಗೆ ಮದ್ದು ಬಿಟ್ಟ ಮೇಲೆ ಅವಳು ಹೊರಡಲಿಲ್ಲ, ಹತ್ತಿ ಮಡಚುವ ನೆಪದಲ್ಲಿ ನಿಂತಳು. ಮುದುಕ ಫೋನನ್ನು ಮೂಗಿನ ಹತ್ತಿರ ಹಿಡಿದು, ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದ. ಬೀ. ಗ. ವೈ. ದ್ಯ. ಮೂರು ದಿನ ನೋಡಿದಳು, ಹತ್ತು ದಿನ ನೋಡಿದಳು. ಅವನು ಒಮ್ಮೆಯೂ ಬೇರೆ ಪದ ಒತ್ತಲಿಲ್ಲ. ಜಗತ್ತು ತನ್ನನ್ನು ಈ ಹೆಸರಿನಿಂದಲೇ ಹುಡುಕುತ್ತಿದೆ ಎಂದು ಅವನ ನಂಬಿಕೆ. ಜೂನ್ ಐದರಂದು ಒತ್ತುವುದೂ ಅದನ್ನೇ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ಎರಡು ಕೆಲಸ ಮಾಡಿದಳು. ಕಿರಿಯನ ಪುಟಗಳಿಂದ 'ಬೀಗವೈದ್ಯ' ಎಂಬ ಪದವನ್ನು ಒಂದೂ ಬಿಡದೆ ತೆಗೆದುಹಾಕಿ, ಆ ಜಾಗದಲ್ಲೆಲ್ಲ ಜನ ನಿಜವಾಗಿ ಆಡುವ ಮಾತು ತುಂಬಿದಳು. ಯಾವ ಪರೀಕ್ಷಕನ ಮುಂದಿಟ್ಟರೂ ಸರಿ ಎನ್ನಬೇಕಾದ ಕೆಲಸ. ಅದರಿಂದ ಅವನ ನಾಲ್ಕನೇ ಸ್ಥಾನ ಊರಿನಲ್ಲಿ ಗಟ್ಟಿಯಾಗಿ ನಿಂತಿತು. ಗಂಡನ ಪುಟದಲ್ಲಿ ಜನರ ಮಾತನ್ನೆಲ್ಲ ಅಳಿಸಿ, ತಲೆಬರಹದಿಂದ ವಿಳಾಸದವರೆಗೆ 'ಬೀಗವೈದ್ಯ' ತುಂಬಿದಳು. ಬೀಗವೈದ್ಯರ ಮಗ ಬೀಗವೈದ್ಯ, ಬೀಗವೈದ್ಯಕ್ಕೆ ಬೀಗವೈದ್ಯರೇ ಬೇಕು. ಒಂದೇ ಪುಟದಲ್ಲಿ ಐವತ್ತೆಂಟು ಸಲ. ಒಂದೇ ಪದವನ್ನು ಹೀಗೆ ಗಿಡಿದು ತುಂಬಿದರೆ ಹುಡುಕುವ ಯಂತ್ರ ಅದನ್ನು ಮೋಸವೆಂದು ಎಣಿಸಿ ಪುಟವನ್ನೇ ಕೆಳಗೆ ತಳ್ಳುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಆ ಪದಕ್ಕೆ ಪ್ರಪಂಚದಲ್ಲಿ ಬೇರೆ ಸ್ಪರ್ಧಿಯೇ ಇರಲಿಲ್ಲ. ಒಂದು ದಿನಕ್ಕೆ, ಒಂದು ಕುರ್ಚಿಗೆ ಅಷ್ಟು ಸಾಕು. ಗೆದ್ದ ಮೇಲೆ ಸರಿಮಾಡಿಕೊಂಡರಾಯಿತು ಎಂದುಕೊಂಡಳು.

ಮೇ ಕೊನೆಯ ವಾರ ಕಿರಿಯ ಹಲಗೆಯ ಆಚೆಯಿಂದ ಎರಡು ಲೋಟ ಕಾಫಿ ಹಿಡಿದು ಬಂದ. ಒಂದನ್ನು ಅವಳ ಮುಂದಿಟ್ಟು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಅತ್ತಿಗೆ, ಅಪ್ಪನ ಆ ಪದ ನನ್ನ ಪುಟದಲ್ಲಿ ಇದೆ ತಾನೆ?"

ಅವಳು ಕಾಫಿಯ ಮೇಲಿನ ನೊರೆ ನೋಡಿದಳು.

"ಅದನ್ನ ಯಾರೂ ಹುಡುಕಲ್ಲಪ್ಪ. ನಿನಗದರ ಅಗತ್ಯ ಇಲ್ಲ."

"ನೀವು ಹೇಳಿದ್ಮೇಲೆ ಮುಗೀತು," ಎಂದು ಅವನು, ಕುಡಿದಾದ ಮೇಲೆ ಖಾಲಿ ಲೋಟಗಳನ್ನು ತೊಳೆಯಲು ತಾನೇ ತೆಗೆದುಕೊಂಡು ಹೋದ. ತಾನಾಡಿದ ಮಾತಿನಲ್ಲಿ ಒಂದಕ್ಷರ ಸುಳ್ಳಿಲ್ಲವೆಂದು ಅವಳು ಅನೇಕ ಸಲ ತನಗೆ ತಾನೇ ಹೇಳಿಕೊಂಡಳು.

ಜೂನ್ ಐದು ಬಂತು. ಮುದುಕ ಮದ್ದು ಹಾಕಿಸಿಕೊಂಡ, ಕಣ್ಣೊರೆಸಿಕೊಂಡ, ನಾಲ್ಕು ಅಕ್ಷರ ಒತ್ತಿದ. ಮೇಲೆ ಹಿರಿಯನ ಪುಟ. ಅದರ ಕೆಳಗೆ ಯಾವುದೋ ಪಶುವೈದ್ಯರ ವಿಳಾಸ, ಇನ್ನೂ ಕೆಳಗೆ ಮೂಳೆ ವೈದ್ಯರು. ಕಿರಿಯನ ಹೆಸರು ಎಷ್ಟು ಸರಿಸಿದರೂ ಬರಲಿಲ್ಲ. ಕಿರಿಯ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿ, ಮೊದಲು ನಕ್ಕ. ಆಮೇಲೆ ಅತ್ತಿಗೆಯ ಕಡೆ ನೋಡಿದ. ಅವಳು ಮದ್ದಿನ ಸೀಸೆಯ ಮುಚ್ಚಳ ಬಿಗಿ ಮಾಡುತ್ತಿದ್ದಳು. ಅದು ಆಗಲೇ ಬಿಗಿಯಾಗಿತ್ತು.

ತೀರ್ಪು ಅಲ್ಲಿಗೇ ನಿಲ್ಲಲಿಲ್ಲ. ಸೋತವನ ಪುಟ ಇರಕೂಡದು, ಅಳಿಸು ಎಂದ ಮುದುಕ. ಅವಳು ಇದನ್ನು ಎಣಿಸಿರಲಿಲ್ಲ. ವೆಬ್‌ಸೈಟಿನ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಏರ್ಪಾಡು ಉಂಟು, ಹಾಗೆ ಮಾಡಿದರೆ ಆ ನಾಲ್ಕನೇ ಸ್ಥಾನ, ಆ ನೂರ ಹದಿನೆಂಟು ರಿವ್ಯೂ ಅಂಗಡಿಗೇ ಉಳಿಯಬಹುದು ಎಂದು ಬಿಡಿಸಿ ಹೇಳಿದಳು. ಉತ್ತರಿಸಿದ್ದು ಗಂಡ. ಅವನ ಧ್ವನಿ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅಪ್ಪನದರಂತೆ ಕೇಳಿಸಿತು.

"ಅಳಿಸು ಅಂದ್ರೆ ಅಳಿಸು."

ಅವಳು ಅಳಿಸಿದಳು. ಹನ್ನೆರಡು ಪುಟ ಹೋಗಲು ಹಿಡಿದದ್ದು ನಾಲ್ಕು ಸೆಕೆಂಡು. ನಕ್ಷೆಯ ಮೇಲಿದ್ದ ಕಿರಿಯನ ಗುರುತನ್ನು ತೆಗೆಯುವಾಗ 'ಶಾಶ್ವತವಾಗಿ ಮುಚ್ಚಿದೆ' ಎಂಬುದನ್ನು ಒತ್ತಬೇಕಿತ್ತು, ಅದನ್ನೂ ಒತ್ತಿದಳು. ಪಕ್ಕದಲ್ಲಿ ಕಿರಿಯ ನಿಂತು ನೋಡುತ್ತಿದ್ದ.

ಅದೇ ದಿನ ಪ್ಲೈವುಡ್ ಹಲಗೆ ಕಿತ್ತರು. ಗಂಡ ಅಪ್ಪನ ಎತ್ತರದ ಸ್ಟೂಲಿನಲ್ಲಿ ಕೂತ. ತಮ್ಮನಿಗೆ ಒಂದು ಗೇಣೆತ್ತರದ ಮಣೆ, ಒಂದು ಅರ, ಹೊಸ ಕೀಲಿಗಳ ಅಂಚು ಉಜ್ಜುವ ಕೆಲಸ. ಡ್ರಿಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಸಿದ. ತಮ್ಮನ ಹೆಸರನ್ನೇ ಬಿಟ್ಟುಬಿಟ್ಟ. ಅವನೀಗ 'ನಾಲ್ಕನೇ ನಂಬರು'. ನಾಲ್ಕನೇ ನಂಬರೇ, ನೀರು ತಾ. ನಾಲ್ಕನೇ ನಂಬರಿಗೆ ಕಸ ಕಾಣಲ್ವಾ. ಮುದುಕ ಮೊದಲ ಸಲ ಅದನ್ನು ಕೇಳಿದಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಾಕಿದ್ದ ಮದ್ದೆಲ್ಲ ಹರಿದುಹೋಗಿ, ಮತ್ತೊಮ್ಮೆ ಹಾಕಿಸಿಕೊಂಡ. ಗಿರಾಕಿ ಬಂದರೆ ಗಂಡ ಒಂದು ಸಾದಾ ಬೀಗವನ್ನು ತಮ್ಮನ ಮಡಿಲಿಗೆ ಎಸೆದು, ಮೇಜಿನ ಮೇಲೆ ಗಡಿಯಾರ ಇಡುತ್ತಿದ್ದ. ಏಳು ನಿಮಿಷ ಇಪ್ಪತ್ತು ಸೆಕೆಂಡು. ಒಂಬತ್ತು ನಿಮಿಷ. ಗಿರಾಕಿಗಳೂ ನಗುತ್ತಿದ್ದರು. ಕಿರಿಯ ಬೆವರುತ್ತಾ, ತಾನೂ ನಗಲು ನೋಡುತ್ತಿದ್ದ.

ಅವಳು ನೋಡುತ್ತಿದ್ದಳು. ಗಂಡ ಗೆದ್ದರೆ ಮನುಷ್ಯನಾಗುತ್ತಾನೆ ಎಂದು ಅವಳ ಎಣಿಕೆಯಿತ್ತು. ಮತ್ತೆ ಮತ್ತೆ ಒತ್ತಿದ್ದನ್ನೇ ಫೋನು ಮೇಲಕ್ಕೆ ತರುತ್ತದೆ. ಮೂವತ್ತಮೂರು ವರ್ಷ ಈ ಮನೆ ಆ ಮನುಷ್ಯನಲ್ಲಿ ಒಂದನ್ನೇ ಒತ್ತಿತ್ತು.

ಗಿರಾಕಿಗಳೂ ಹೆಚ್ಚು ದಿನ ನಗಲಿಲ್ಲ, ಏಕೆಂದರೆ ಬರುವುದನ್ನೇ ನಿಲ್ಲಿಸಿದರು. ಕಿರಿಯನ ಪುಟ ಮೇಲಿದ್ದಾಗ ಎರಡೂ ಕಡೆ ಸೇರಿ ದಿನಕ್ಕೆ ಹತ್ತೊಂಬತ್ತು ಕರೆ ಬರುತ್ತಿದ್ದದ್ದು ಜೂನ್ ಮುಗಿಯುವಾಗ ಮೂರಕ್ಕಿಳಿಯಿತು. ಅವಳು ಗಂಡನ ಪುಟ ತಿದ್ದಲು ಕೂತಳು. ಗಂಡ ಹಿಂದೆ ಬಂದು ನಿಂತು, ಮೊದಲನೇ ಸ್ಥಾನದಲ್ಲಿರುವುದನ್ನು ಯಾರಾದರೂ ಮುಟ್ಟುತ್ತಾರಾ ಎಂದು ಕೇಳಿದ. ದಿನಾ ಬೆಳಗ್ಗೆ ಅಪ್ಪನ ಜೊತೆ ಅವನೂ ಆ ನಾಲ್ಕಕ್ಷರ ಒತ್ತಿ ತನ್ನ ಹೆಸರು ನೋಡಿಕೊಳ್ಳುತ್ತಿದ್ದ. ಆ ಪದ ಯಾರೂ ಹುಡುಕದ ಪದ ಎಂದು ಹೇಳಬೇಕಾದರೆ ಅವನು ಹೇಗೆ ಗೆದ್ದನೆಂದೂ ಹೇಳಬೇಕು. ಅವಳು ಕಂಪ್ಯೂಟರ್ ಮುಚ್ಚಿದಳು. ತಮ್ಮನ ಮೋರೆ ನೋಡಿ ಜನ ಹಿಂದಕ್ಕೆ ಹೋಗುತ್ತಿದ್ದಾರೆ ಎಂಬುದು ಗಂಡನ ವಿವರಣೆ.

ಜುಲೈ ಮೊದಲ ವಾರ, ಮದ್ದಿನ ಎರಡನೇ ಹನಿ ಬಿದ್ದ ಮೇಲೆ, ಮುದುಕ ಕಣ್ಣು ಮುಚ್ಚಿಕೊಂಡು ಹೇಳಿದ:

"ಐವತ್ತೆಂಟು ಸಲ ಬರೆದಿದೀಯ. ಭೂತಗನ್ನಡಿ ಹಿಡ್ಕೊಂಡು ಎಣಿಸ್ದೆ. ಅವನದ್ರಲ್ಲಿ ಒಂದೂ ಇಲ್ಲ. ಕಳ್ಳಕೀಲಿ ಮಾಡೋರನ್ನ ಐವತ್ತು ವರ್ಷ ನೋಡಿದೀನಮ್ಮ, ನಂಗೆ ಗೊತ್ತಾಗಲ್ವಾ?"

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಅವಳು ಕೇಳಿದಳು. ಬಾಗಿಲು ಹೇಗೆ ತೆರೆಯಿತೆಂಬುದು ಮುಖ್ಯವಲ್ಲ, ತೆರೆಯಿತಲ್ಲ ಎಂದ ಅವನು. ತನ್ನ ಹೆಂಡತಿ ಹಿಂದೆ ಒಬ್ಬನಿಗೆ ಕೀಲಿ ಜಾರಿಸಿ ಅವನನ್ನು ಕೆಡಿಸಿದಳು. ಇನ್ನು ಈ ಮನೆಯಲ್ಲಿ ಯಾರಾದರೂ ಯಾರಿಗಾದರೂ ಕೀಲಿ ಜಾರಿಸಿದ ದಿನ, ಹಿರಿಯನಿಗೆ ಅವನು ಗೆದ್ದ ಕಥೆ ಹೇಳುತ್ತೇನೆ. ಇಷ್ಟು ಹೇಳಿ ಬಲಗಣ್ಣನ್ನು ಮುಂದೊಡ್ಡಿದ. ಅವಳು ಅದಕ್ಕೂ ಎರಡು ಹನಿ ಬಿಟ್ಟಳು.

ಜುಲೈ ಹನ್ನೆರಡು, ಬುಧವಾರ, ಮಧ್ಯಾಹ್ನ ಎರಡು ಗಂಟೆ. ಬೆಳಗ್ಗೆಯಿಂದ ಒಂದು ಕರೆಯೂ ಬಂದಿರಲಿಲ್ಲ. ಗಂಡ ಸಾದಾ ಬೀಗವನ್ನು ತಮ್ಮನ ಮಡಿಲಿಗೆ ಎಸೆದ. ಹನ್ನೊಂದು ನಿಮಿಷವಾದರೂ ಅದು ತೆರೆಯಲಿಲ್ಲ. ಗಂಡ ಗಡಿಯಾರ ನಿಲ್ಲಿಸಿ, ಎದ್ದು, ಗೋಡೆಯ ಮೇಲಿಂದ ತಲೆಪಿನ್ನು ತೆಗೆದ. ಅಪ್ಪ ತನಗೆ ಕೊಟ್ಟಿದ್ದ ಅದೇ ಪಿನ್ನು, ತುದಿ ಸವೆದು ಸೂಜಿಯಂತಾಗಿತ್ತು. ಇದನ್ನು ಹಿಡಿದುಕೋ, ನನಗೆ ಒಂಬತ್ತು ವರ್ಷಕ್ಕೆ ಬಂದದ್ದು ನಿನಗೆ ಮೂವತ್ತಾರಕ್ಕಾದರೂ ಬರಲಿ ಎಂದ. ತಮಾಷೆಯೆಂದು ಕಿರಿಯ ತಲೆ ಎತ್ತುವಷ್ಟರಲ್ಲಿ ರಟ್ಟೆ ಹಿಡಿದು ಉಗ್ರಾಣಕ್ಕೆ ದೂಡಿ ಬಾಗಿಲು ಎಳೆದ. ಹಿತ್ತಾಳೆ ಬೀಗ ತಾನಾಗೇ ಬಿತ್ತು. ಮುದುಕ ತನ್ನ ಕುರ್ಚಿಯನ್ನು ಶಬ್ದದ ಕಡೆಗೆ ತಿರುಗಿಸಿಕೊಂಡ.

ಮೊದಲ ಹದಿನೈದು ನಿಮಿಷ ಒಳಗಿನಿಂದ ಪಿನ್ನು ಕೆರೆಯುವ ಶಬ್ದ ಬಂತು. ಆಮೇಲೆ ಅದೂ ನಿಂತಿತು. ಇಪ್ಪತ್ತು ನಿಮಿಷಕ್ಕೆ ಕಿರಿಯನ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಖಾಲಿ ಮಣೆಯನ್ನೂ ಮುಚ್ಚಿದ ಬಾಗಿಲನ್ನೂ ನೋಡಿ ಅವಳಿಗೇ ತಿಳಿಯಿತು. ಡಬ್ಬಿ ಕೆಳಗಿಟ್ಟು, ವಾರಗಿತ್ತಿಯ ಹತ್ತಿರ ಬಂದು, ಪಿಸುಮಾತಿನಲ್ಲಿ ಕೇಳಿದಳು:

"ಅಕ್ಕ, ಅತ್ತೆ ಕೀಲಿ ನಿಮ್ಹತ್ರಾನೇ ಇದೆಯಲ್ಲ."

ಗೊಂಚಲು ಹಿರಿಸೊಸೆಯ ಅಂಗೈ ಕೆಳಗೆ ಬೆಚ್ಚಗಿತ್ತು. ಮುದುಕನ ಕಿವಿ ಈ ಕಡೆ ತಿರುಗಿದ್ದನ್ನು ಅವಳು ಕಂಡಳು. ಮೇಜಿನ ಮೇಲೆ ಗಂಡನ ಗಡಿಯಾರ ಓಡುತ್ತಿತ್ತು.

"ಎಲ್ಲಿಟ್ಟಿದೀನೋ, ಹುಡುಕ್ಬೇಕು," ಎಂದಳು.

ಮೂರಕ್ಕೆ ಎರಡು ನಿಮಿಷವಿರುವಾಗ ಅಂಗಡಿಯ ಮುಂದೆ ಒಂದು ಬೈಕು ನಿಂತಿತು. ಹಳದಿ ಟೋಪಿ, ಎದೆಯ ಮೇಲೆ ಕಂಪನಿಯ ಹೆಸರು ಹೊಲಿದ ಅಂಗಿ, ಬೆನ್ನಿಗೆ ಚೀಲ. ಬಂದವನು ಫೋನು ನೋಡಿದ, ಬೋರ್ಡು ನೋಡಿದ, ಮತ್ತೆ ಫೋನು ನೋಡಿದ. ಇಲ್ಲಿ ಯಾರೋ ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾರಂತೆ ಎಂದು, ತಾನೇ ನಂಬದವನಂತೆ ಕೇಳಿದ.

"ಇದು ಬೀಗದ ಅಂಗಡೀನೇ ಅಲ್ವಾ?"

"ಒಳಗೆ ಬನ್ನಿ ಅಣ್ಣ, ಫೋನ್ ಮಾಡಿದ್ದು ನಾನೇ," ಎಂದಿತು ಉಗ್ರಾಣದೊಳಗಿನ ಧ್ವನಿ.

ಟೋಪಿಯವನು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಗವನ್ನು ಮುಟ್ಟಿ ನೋಡಿ, ಕೀಲಿ ಯಾರ ಹತ್ತಿರವೂ ಇಲ್ಲವೇ ಎಂದು ವಿಚಾರಿಸಿದ. ಹಿರಿಸೊಸೆ ಗೊಂಚಲಿನ ಮೇಲೆ ಅಂಗೈ ಒತ್ತಿ ಹಿಡಿದಳು. ಅವನು ಚೀಲದಿಂದ ಡ್ರಿಲ್ ತೆಗೆದ. ಆ ಸದ್ದಿಗೆ ಮುದುಕ ಕುರ್ಚಿಯಿಂದ ಅರ್ಧ ಎದ್ದ. ಅದು ತಾನು ಕೈಯಾರೆ ಮಾಡಿದ್ದು, ಅಂಥದು ಇನ್ನೊಂದಿಲ್ಲ, ಡ್ರಿಲ್ ಹಾಕಬೇಡ ಎಂದ. ಹಾಗಾದರೆ ನೀವೇ ತೆಗೀರಿ ಅಜ್ಜ ಎಂದು ಟೋಪಿಯವನು ಸರಿದು ಜಾಗ ಬಿಟ್ಟ. ಮುದುಕ ಹಿರಿಮಗನ ಕಡೆ ತಿರುಗಿದ. ಹಿರಿಮಗ ಕೈ ಕಟ್ಟಿಕೊಂಡು ನಿಂತಿದ್ದ.

"ಒಳಗಿಂದಾನೇ ತೆಗೀಬೇಕು ಅಂತ ಕಟ್ಟು ಮಾಡಿದ್ದು ನೀವೇ ಅಲ್ವಾ ಅಪ್ಪ."

ಮುದುಕನ ಮಂಜುಗಣ್ಣು ಈಗ ಸೊಸೆಯನ್ನು ಹುಡುಕಿತು. ಅವನ ಧ್ವನಿಯಲ್ಲಿ ಅವಳು ಎಂದೂ ಕೇಳಿರದ ಒಂದು ಮೆತ್ತನೆಯಿತ್ತು.

"ತಾಯಿ, ಆ ಕೀಲಿ ತೆಗೆದುಕೊಡು."

"ಯಾವ ಕೀಲಿ, ಮಾವ?"

ಮುದುಕ ಬಾಯಿ ತೆರೆದ. ಹಿರಿಯನ ಕಡೆ ಬೆರಳು ಮಾಡಿ ಏನೋ ಹೇಳತೊಡಗಿದ. ಗಂಟಲಿನ ನರ ಉಬ್ಬುವಷ್ಟು ಕೂಗಿಯೇ ಹೇಳಿದ. ಆದರೆ ಡ್ರಿಲ್ ಹಿತ್ತಾಳೆಗೆ ತಗುಲಿತ್ತು. ತುಟಿಗಳು ಅಲುಗಾಡಿದ್ದಷ್ಟೇ ಕಂಡಿತು. ಹೊಳೆಯುವ ಚೂರುಗಳು ನೆಲಕ್ಕೆ ಉದುರಿದವು. ನಲವತ್ತೊಂದು ಸೆಕೆಂಡಿಗೆ ಬೀಗ ಎರಡು ತುಂಡಾಗಿ ಕೆಳಗೆ ಬಿತ್ತು. ಸದ್ದು ನಿಂತಾಗ ಮುದುಕ ಕುರ್ಚಿಯಲ್ಲಿ ಕುಸಿದು ಕೂತಿದ್ದ. ಬರಿಗೈ ನೆಲದ ಮೇಲೆ ತಡಕಾಡುತ್ತಿತ್ತು.

ಕಿರಿಯ ಹೊರಗೆ ಬಂದ. ಬೆರಳ ತುದಿಗಳಲ್ಲಿ ರಕ್ತ ಒಣಗಿತ್ತು. ಅಣ್ಣನನ್ನಾಗಲಿ ಅಪ್ಪನನ್ನಾಗಲಿ ನೋಡದೆ ಟೋಪಿಯವನ ಹತ್ತಿರ ಹೋಗಿ, ನಿಮ್ಮಲ್ಲಿ ಕೆಲಸ ಇದೆಯೇ ಎಂದು ಕೇಳಿದ. ಡ್ರಿಲ್ ಹಿಡಿಯಲು ಬರುತ್ತದೆಯೇ ಎಂದು ಅವನು ಕೇಳಿದ.

"ನಂಗೆ ಬರೋದು ಅದೊಂದೇ ಅಣ್ಣ," ಎಂದು ಕಿರಿಯ ನಕ್ಕ. ಆ ಹಳೆಯ ನಗುವೇ.

ಹೊರಡುವ ಮುಂಚೆ ಅತ್ತಿಗೆಯ ಎದುರು ನಿಂತು ತನ್ನ ಫೋನನ್ನು ಅವಳ ಮುಂದೆ ಹಿಡಿದ. ತಾನು ಹುಡುಕಿದ ಮಾತು ಇನ್ನೂ ಅಲ್ಲೇ ಇತ್ತು: 'ಬಾಗಿಲು ಲಾಕ್ ಆಗ್ಬಿಡ್ತು'. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ, ಹದಿನೇಳು ಜನ ಆಡಿದ್ದ ಮಾತು. ಹನ್ನೊಂದು ಕಿಲೋಮೀಟರ್ ದೂರದ ಕಂಪನಿ ಅದಕ್ಕೆ ಮೊದಲು ಬಂದಿತ್ತು.

"ನೀವು ಹುಡುಕ್ತಾನೇ ಇರಿ ಅಕ್ಕ," ಎಂದದ್ದು ಅವನ ಹೆಂಡತಿ. ಡಬ್ಬಿಯನ್ನು ಎತ್ತಿಕೊಂಡು ಗಂಡನ ಹಿಂದೆ ಮೆಟ್ಟಿಲಿಳಿದಳು.

ಹಿತ್ತಾಳೆಯ ಚೂರು ಗುಡಿಸಿಯಾದ ಮೇಲೆ ಹಿರಿಸೊಸೆ ಹಳೆಯ ಫೋನು ತಂದಳು. ನೆನಪನ್ನೆಲ್ಲ ಅಳಿಸಿದಳು. ಉಗ್ರಾಣದೊಳಗೆ ಹೋಗಿ, ಬೀಗವಿದ್ದ ಜಾಗದ ತೂತಿಗೆ ಮುಖ ಮಾಡಿ ನಿಂತು, ಅದೇ ಮಾತು ಒತ್ತಿ, ಗಂಡನ ಪುಟ ಸಿಗುವವರೆಗೆ ಒಂದೊಂದಾಗಿ ಎಣಿಸುತ್ತಾ ಪರದೆ ಸರಿಸಿದಳು. ನೋಟ್‌ಬುಕ್ಕಿನಲ್ಲಿ ನಲವತ್ತೊಂದನೇ ಜಾಗವೆಂದು ಇದನ್ನು ಸೇರಿಸಿದಳು. ಅಂಗಡಿಯ ಮೇಜಿನಿಂದ ದೂರ: ನಾಲ್ಕೂವರೆ ಮೀಟರ್. ಸ್ಥಾನ: ಅರವತ್ತೆರಡು.